ಇನ್ನೂರರ ತುದಿಯಲ್ಲಿ ಮಸುಕು

ಮೊದಲು ಕೋಣೆಯ ಅಳತೆ ಹೇಳಿಬಿಡುತ್ತೇನೆ. ಈ ಬರಹದಲ್ಲಿ ನನಗೆ ಅನುಮಾನವಿಲ್ಲದ ಸಂಗತಿ ಅದೊಂದೇ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಹಿಂದೆ ಅದು ರಾಗಿ, ಹುರುಳಿ ತುಂಬಿಡುವ ಉಗ್ರಾಣವಾಗಿತ್ತಂತೆ. ಗಂಡನ ಮನೆಯವರು ಬೀದಿ ಕಡೆಯ ಕೋಣೆಯನ್ನು ಫೋಟೋ ಸ್ಟುಡಿಯೋ ಮಾಡಿದಾಗ ಉಗ್ರಾಣದ ಕಿಟಕಿಗೆ ಹಲಗೆ ಹೊಡೆದು, ಸಂದುಗಳಿಗೆ ಕಪ್ಪು ಕಾಗದ ಅಂಟಿಸಿ ಡಾರ್ಕ್ ರೂಮ್ ಮಾಡಿದರು. ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಸ್ವಲ್ಪ ದಿನಕ್ಕೇ ಅದರೊಳಗೆ ಹೋದೆ. ಯಾರೂ ಬಲವಂತ ಮಾಡಲಿಲ್ಲ. ಕೈ ನಿಧಾನ, ಗೆರೆ ಸಣ್ಣದು, ಓದು ಎಸ್ಸೆಸ್ಸೆಲ್ಸಿವರೆಗೆ ಆಗಿದೆ ಎಂದು ಗಂಡ ಒಂದು ಚೂಪು ಪೆನ್ಸಿಲ್ಲು ಕೊಟ್ಟು ನೆಗೆಟಿವ್ ತಿದ್ದುವುದನ್ನು ಕಲಿಸಿದರು. ಮೊಡವೆ ಅಳಿಸುವುದು, ಸಿಡುಬಿನ ಕಲೆ ತುಂಬುವುದು, ಕಪ್ಪಗಿರುವವರನ್ನು ಬೆಳ್ಳಗೆ ಮಾಡುವುದು. ಬೀದಿ ಕಡೆಯ ಕೋಣೆಗೆ ಗಂಡಸರು ಬಂದುಹೋಗುತ್ತಿದ್ದುದರಿಂದ ಅಲ್ಲಿ ನನಗೆ ಕೆಲಸವಿರಲಿಲ್ಲ. ಊರಿನ ಅರ್ಧ ಜನರ ಮುಖಗಳನ್ನು ಬೆರಳ ತುದಿಯಲ್ಲಿ ಬಲ್ಲ ನಾನು ಅವರಲ್ಲಿ ಯಾರನ್ನೂ ಬೀದಿಯಲ್ಲಿ ನೋಡಿರಲಿಲ್ಲ.

ಪಕ್ಕದ ಮನೆಯಲ್ಲಿ ಪವರ್‌ಲೂಮ್ ಇತ್ತು. ಎರಡು ಮನೆಗೂ ಒಂದೇ ಗೋಡೆ. ಮಗ್ಗ ಓಡುವಾಗ ನಮ್ಮ ನೆಲ ಸಣ್ಣಗೆ ನಡುಗುತ್ತಿತ್ತು, ನೆಲದ ಮೇಲಿನ ಮೇಜು, ಮೇಜಿನ ಮೇಲೆ ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಕಾಗದಕ್ಕೆ ಬೀಳಿಸುವ ಎನ್‌ಲಾರ್ಜರ್ ಎಲ್ಲವೂ ನಡುಗುತ್ತಿದ್ದವು. ಆಗ ಪ್ರಿಂಟ್ ಹಾಕಿದರೆ ಕಣ್ಣುಗಳ ಸುತ್ತ ಇನ್ನೊಂದು ಕಣ್ಣು ಬಂದಂತೆ ಕಾಣುತ್ತಿತ್ತು. ಹಾಗಾಗಿ ಮಗ್ಗದವರು ಊಟಕ್ಕೆ ಎದ್ದಾಗ ನಾನು ಪ್ರಿಂಟ್ ಹಾಕಬೇಕು. ನನ್ನ ಊಟ ಆಮೇಲೆ. ಕರೆಂಟು ಹೋಗಿ ಮಗ್ಗ ನಿಂತರೆ ಎನ್‌ಲಾರ್ಜರಿನ ಬಲ್ಬೂ ಆರುತ್ತಿತ್ತು. ಆ ನಿಶ್ಶಬ್ದ ನನ್ನ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಲೆನ್ಸು ಬಂದದ್ದು ಎಪ್ಪತ್ತರ ದಶಕದ ಮೊದಲ ಅರ್ಧದಲ್ಲಿ. ವರ್ಷ ಹೇಳಬಲ್ಲೆ ಎಂದು ಬಹಳ ಸಲ ಅನ್ನಿಸಿದೆ, ಪ್ರತಿ ಸಲವೂ ಬೇರೆ ವರ್ಷ ಹೇಳಿದ್ದೇನೆ. ಬೆಂಗಳೂರಿನಲ್ಲಿ ಗಂಡನಿಗೆ ಪರಿಚಯವಿದ್ದ ಒಬ್ಬರ ನೆಂಟರು ಹೊರದೇಶದಿಂದ ಬರುವಾಗ ತಂದಿದ್ದರಂತೆ. ಕೆಲವು ದಿನ ಇಟ್ಟುಕೊಂಡು ನೋಡಿ, ಹಿಡಿಸಿದರೆ ಕೊಳ್ಳಿ, ಇಲ್ಲವಾದರೆ ವಾಪಸು ಕೊಡಿ ಎಂಬ ಮಾತಾಗಿತ್ತು. ಹೆಸರುವಾಸಿ ಕಂಪನಿಯದ್ದಲ್ಲ. ಎಂಬತ್ತರಿಂದ ಇನ್ನೂರು ಮಿಲಿಮೀಟರಿನವರೆಗೆ ಹೋಗುವ ಜೂಮ್. ಕಂಪನಿ ಲೆನ್ಸನ್ನು ನಾವು ಕೊಳ್ಳುವ ಮಾತೇ ಇರಲಿಲ್ಲ, ಇದು ಅಗ್ಗದ್ದಾದ್ದರಿಂದ ಯೋಚಿಸಬಹುದಾಗಿತ್ತು.

ಅತ್ತೆ ಅದನ್ನು ಮೊದಲು ಕೈಗೆತ್ತಿಕೊಂಡರು. "ಇದೇನ್ಲಾ ಇದು, ಕುಟ್ಟಾಣಿ ಇದ್ದಂಗೈತೆ!"

"ದೂರದ್ದನ್ನ ಹತ್ರ ತೋರ್ಸುತ್ತಮ್ಮ," ಎಂದರು ನನ್ನ ಗಂಡ.

"ಯಾಕೆ, ಹತ್ರ ಇರೋದೆಲ್ಲ ನೋಡಿ ಮುಗೀತಾ?"

ಗೇಣುದ್ದದ ಕಪ್ಪು ಕೊಳವೆ. ನಡುವೆ ರಬ್ಬರಿನ ಅಗಲ ರಿಂಗು. ರಿಂಗನ್ನು ಎದೆಯ ಕಡೆ, ಇನ್ನೂರಕ್ಕೆ ಎಳೆದುಕೊಂಡರೆ ದೂರದ್ದು ಹತ್ತಿರ ಬರುತ್ತಿತ್ತು, ಮುಂದಕ್ಕೆ, ಎಂಬತ್ತಕ್ಕೆ ತಳ್ಳಿದರೆ ಹಿಂದೆ ಸರಿಯುತ್ತಿತ್ತು. ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿದರೂ ಸಾಕು, ರಿಂಗು ತನ್ನ ಭಾರಕ್ಕೆ ತಾನೇ ಜಾರಿ, ಹತ್ತಿರ ತಂದದ್ದನ್ನೆಲ್ಲ ದೂರ ಮಾಡಿಬಿಡುತ್ತಿತ್ತು. ಎಂಬತ್ತರಲ್ಲಿ ಸರಿಯಾಗಿ ಕೂಡಿಸಿದ ಫೋಕಸ್ಸು ಇನ್ನೂರಕ್ಕೆ ಎಳೆಯುವಷ್ಟರಲ್ಲಿ ತಪ್ಪಿರುತ್ತಿತ್ತು, ಮತ್ತೆ ಕೂಡಿಸಬೇಕು. ಇದು ಆ ಲೆನ್ಸಿನ ದೋಷ. ಇದನ್ನು ಬರೆಯುತ್ತಿರುವ ನನ್ನಲ್ಲೂ ಅದೇ ದೋಷವಿದೆ, ಆದ್ದರಿಂದ ಹೆಚ್ಚು ಹೀಯಾಳಿಸುವುದಿಲ್ಲ.

ಪರೀಕ್ಷೆ ಮಾಡುವ ಕೆಲಸ ನನಗೆ ಬಂತು. ಗಂಡನಿಗೆ ಗಿರಾಕಿಗಳು, ನನಗೆ ಮಹಡಿ. ಬಟ್ಟೆ ಒಣಹಾಕುವ ಹೆಸರಿನಲ್ಲಿ ಕ್ಯಾಮೆರಾವನ್ನು ಒದ್ದೆ ಸೀರೆಗಳ ಬುಟ್ಟಿಯಲ್ಲಿಟ್ಟುಕೊಂಡು ಮೇಲೆ ಹೋಗುತ್ತಿದ್ದೆ. ಎದುರು ಬೀದಿಯಲ್ಲಿ ಬಾಡಿಗೆ ಸೈಕಲ್ ಅಂಗಡಿಯ ಬೋರ್ಡು ಇತ್ತು. ಎಂಬತ್ತರಲ್ಲಿ ಅದರ ಅಕ್ಷರಗಳು ಕೆತ್ತಿದಂತೆ ಕಾಣುತ್ತಿದ್ದವು. ಇನ್ನೂರಕ್ಕೆ ಎಳೆದರೆ ಅಕ್ಷರ ದೊಡ್ಡದಾಗುತ್ತಿತ್ತು, ಕೆಳಗಿನ ಒತ್ತುಗಳು ಮಾತ್ರ ಬೆಣ್ಣೆಯಂತೆ ಕರಗಿ ಯಾವ ಒತ್ತೆಂದು ತಿಳಿಯುತ್ತಿರಲಿಲ್ಲ. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಮೊದಲೇ ಗೊತ್ತಿದ್ದುದರಿಂದ ನಾನು ಓದಿಬಿಡುತ್ತಿದ್ದೆ.

ಆಮೇಲೆ ಬೋರ್ಡು ಬಿಟ್ಟು ಬಸ್ ಸ್ಟ್ಯಾಂಡು ನೋಡಿದೆ. ಕಂಡಕ್ಟರ್ ಬಾಯಿ ತೆರೆದು ಊರುಗಳ ಹೆಸರು ಕೂಗುತ್ತಿದ್ದ, ಸದ್ದು ಮಾತ್ರ ಮಗ್ಗದ್ದೇ. ಬೆಳಿಗ್ಗೆ ಮಂಜು ಕರಗಿದ ಮೇಲೆ ಉತ್ತರಕ್ಕೆ ತಿರುಗಿಸಿದರೆ ಮಾಕಳಿದುರ್ಗದ ಬೆಟ್ಟ. ಬರಿಗಣ್ಣಿಗೆ ನೀಲಿ ಉಬ್ಬು, ಇನ್ನೂರರಲ್ಲಿ ಅದರ ನೆತ್ತಿಯ ಮೇಲೆ ಕೂದಲೆಳೆಯಂಥ ಗೆರೆ. ಕೋಟೆಯ ಗೋಡೆ ಎಂದುಕೊಂಡೆ. ಲೆನ್ಸಿನೊಳಗಿನ ಗೀರು ಇದ್ದರೂ ಇರಬಹುದು. ಅಷ್ಟು ವರ್ಷ ಆ ಊರಿನಲ್ಲಿದ್ದು ನಾನು ಆ ಬೆಟ್ಟಕ್ಕೆ ಹೋದವಳಲ್ಲ.

ಒಂದು ರಾತ್ರಿ ನಾನು ಊಟಕ್ಕೆ ಬಡಿಸುವಾಗ ಗಂಡ ಹೇಳಿದರು: "ನೋಡೇ, ಇದು ನಮ್ಮನೇಲಿ ಉಳಿದ್ರೆ ನಾನೊಬ್ನೇ ಎರಡು ಕ್ಯಾಮ್ರಾ ಹಿಡಿಯೋಕಾಗಲ್ಲ. ಮದುವೆಗಳಿಗೆ ನೀನೂ ಬರ್ಬೇಕಾಗ್ತದೆ. ಹೆಣ್ಣಿನ ಕೋಣೇಲಿ ಅಲಂಕಾರ ಮಾಡೋದು ಗೀಡೋದು ನೀನೇ ತೆಗೀಬೌದು."

ಅತ್ತೆ ಕೇಳಿಸಿಕೊಂಡರು, ಬೇಡ ಎನ್ನಲಿಲ್ಲ.

ಆ ಹೊತ್ತಿನಿಂದ ಲೆನ್ಸಿನ ಗುಣದೋಷ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ನಾನೇ ಹತ್ತಿ ಕೂತಿದ್ದೆ. ಲೆನ್ಸು ಉಳಿದರೆ ನಾನು ಆ ಕೋಣೆಯಿಂದ ಆಚೆ ಬರುತ್ತೇನೆ. ಹೋದರೆ ಪೆನ್ಸಿಲ್ಲು, ಮೊಡವೆ, ಮಗ್ಗ.

"ಹೆಂಗಿದೆ?" ಎಂದು ಗಂಡ ಕೇಳಿದರು. ನಾನು ಪರೀಕ್ಷೆಯ ಪ್ರಿಂಟುಗಳನ್ನು ಹರಡಿದ್ದೆ.

"ಎಂಟಕ್ಕೆ ಮುಚ್ಚಿದ್ರೆ ಚೆನ್ನಾಗಿದೆ ರೀ." ಎಂಟು ಎಂದರೆ ಲೆನ್ಸಿನ ಬಾಯಿಯನ್ನು ಚಿಕ್ಕದು ಮಾಡಿ ಬೆಳಕು ಕಡಿಮೆ ಬಿಡುವುದು.

"ಮದುವೆ ಮನೇಲಿ ಎಂಟಕ್ಕೆ ಮುಚ್ಕೊಂಡು ಏನ್ ತೆಗೀಲಿ, ಕತ್ತಲೇನಾ?"

"ಚಪ್ಪರದಲ್ಲಿ ತೆಗೀರಿ, ಬಿಸಿಲಲ್ಲಿ."

"ಇನ್ನೂರರಲ್ಲಿ?"

"ಪ್ರಿಂಟ್ ಹಾಕೋವಾಗ ಮಗ್ಗ ಓಡ್ತಿತ್ತು. ನಾಳೆ ಊಟದ ಹೊತ್ತಲ್ಲಿ ಇನ್ನೊಂದ್ಸಲ ಹಾಕ್ತೀನಿ."

ಮಸುಕು ಮಗ್ಗದ್ದೋ ಲೆನ್ಸಿನದ್ದೋ ತಿಳಿಯಲು ನೆಗೆಟಿವ್ ಮೇಲೆ ಭೂತಗನ್ನಡಿ ಇಟ್ಟು ನೋಡಿದ್ದರೆ ಸಾಕಾಗಿತ್ತು. ಭೂತಗನ್ನಡಿ ಕೈಗೆ ಸಿಗುವಂತೆಯೇ ಇತ್ತು. ನೋಡಿದ ನೆನಪಿಲ್ಲ. ನೋಡದೆ ಇದ್ದ ನೆನಪು ಮಾತ್ರ ಬಹಳ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದನ್ನು ನಾನು ನಂಬುವುದಿಲ್ಲ.

ಅದೇ ದಿನಗಳಲ್ಲಿ ರೇಷ್ಮೆ ನೂಲಿನ ವ್ಯಾಪಾರಿಯ ಹೆಂಡತಿ ಮನೆಗೆ ಬಂದರು. ಊರಿನಲ್ಲಿ ದೊಡ್ಡ ಮನೆ, ಒಬ್ಬನೇ ಮಗ. ಅತ್ತೆಗೆ ಹಳೆಯ ಪರಿಚಯ. ನಡುಮನೆಯಲ್ಲಿ ಕೂತು ಸೆರಗಿನಿಂದ ಒಂದು ಫೋಟೋ ತೆಗೆದರು. ಮಗನಿಗೆ ಬಂದ ಸಂಬಂಧ, ನಮ್ಮೂರಿಗೆ ಹತ್ತಿರದ ಮಧುರೆ ಕಡೆಯ ಹುಡುಗಿ, ನೆಲಮಂಗಲದ ಯಾವುದೋ ಸ್ಟುಡಿಯೋದಲ್ಲಿ ಕೂರಿಸಿ ತೆಗೆಸಿದ್ದು.

"ನೋಡಮ್ಮಾ, ನೀನೂ ಇದೇ ಕೆಲಸ ಮಾಡೋಳು. ಇದು ಮುಖಾನಾ, ಇಡ್ಲೀನಾ?"

ನೋಡಿದೆ. ನೆಲಮಂಗಲದವನು ನನಗಿಂತ ಧಾರಾಳಿ. ಮೂಗಿನ ಪಕ್ಕದ ನೆರಳನ್ನೂ ಬಿಟ್ಟಿರಲಿಲ್ಲ. ಎರಡು ಕಣ್ಣು, ಒಂದು ಬಾಯಿ ಬಿಟ್ಟರೆ ಉಳಿದದ್ದೆಲ್ಲ ಬರೀ ಬಿಳುಪು.

"ಈ ಪೆನ್ಸಿಲ್ ಸುಂದ್ರೀನ ನಂಬ್ಕೊಂಡು ನಾನು ಬೀಗರ ಮನೆ ಹೊಸ್ಲು ತುಳಿಯೋಳಲ್ಲ," ಎಂದರು.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಇನ್ನೊಂದು ನೋಟವಿತ್ತು. ಶಾಸ್ತ್ರಕ್ಕೆಂದು ಹೋಗಿ, ಮನೆಯೊಳಗೆ ಕೂತು, ಆಮೇಲೆ ಬೇಡವೆಂದರೆ ಹುಡುಗಿಯ ಮನೆಗೆ ಅವಮಾನ. ಅದಕ್ಕಾಗಿ ಗಂಡಿನ ಕಡೆಯ ಯಾರಾದರೂ ವಯಸ್ಸಾದ ಹೆಂಗಸು ಮೊದಲು ಗುಡಿಯಲ್ಲೋ ಬಾವಿಯ ಹತ್ತಿರವೋ ಸುಮ್ಮನೆ ಹಾದುಹೋಗುವವಳಂತೆ ನೋಡಿಕೊಂಡು ಬರುತ್ತಿದ್ದಳು. ಹುಡುಗಿಗೆ ಗೊತ್ತಾಗುತ್ತಿರಲಿಲ್ಲ, ಬೇಡವಾದರೆ ಯಾರಿಗೂ ನೋವಿಲ್ಲ. ಆದರೆ ಈ ಮಗ, ಮುದುಕಿಯ ಮಾತು ಕೇಳಿ ಒಪ್ಪುವುದಿಲ್ಲ, ತನ್ನ ಕಣ್ಣಲ್ಲಿ ನೋಡಬೇಕು ಎಂದಿದ್ದನಂತೆ. ನಮ್ಮ ಮನೆಗೆ ದೂರದ್ದನ್ನು ಹತ್ತಿರ ತರುವ ಲೆನ್ಸು ಬಂದಿರುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಪೆನ್ಸಿಲ್ ಮುಟ್ಟಿಸ್ದಂಗೆ ಒಂದು ಫೋಟೋ ತಂದ್ಕೊಡಿ. ಕೆಲಸ ಆದ್ರೆ ಆ ಲೆನ್ಸು ನಮ್ ಕಡೆಯಿಂದ."

ಗಂಡ ಕೈ ಮುಗಿದರು. "ಅಮ್ನೋರೆ, ನಾನು ಹೋಗಿ ಹೆಣ್ಮಕ್ಕಳ ಕಡೆ ಇದನ್ನ ಹಿಡ್ಕೊಂಡು ನಿಂತ್ರೆ ಕಾಲು ಮುರ್ದು ಕಳಿಸ್ತಾರೆ."

"ನಿನ್ಯಾರು ಹೋಗು ಅಂದ್ರು? ಇವ್ಳಿಲ್ವಾ?" ಎಂದು ನನ್ನ ಕಡೆ ಗಲ್ಲ ತೋರಿಸಿದರು.

ಹೀಗೆ ನಾನು ಒಂದು ಶನಿವಾರ ಮಧುರೆಗೆ ಹೊರಟೆ. ಜೊತೆಗೆ ಅತ್ತೆ. ಶನಿದೇವರ ಗುಡಿಗೆ ಹೋಗುವವರಂತೆ ಎಳ್ಳೆಣ್ಣೆಯ ಸೀಸೆ ಹಿಡಿದಿದ್ದೆವು. ಕ್ಯಾಮೆರಾ ವೈರ್ ಬುಟ್ಟಿಯಲ್ಲಿ, ಅದರ ಮೇಲೆ ಟವೆಲ್ಲು, ಅದರ ಮೇಲೆ ಹೂವು. ನೆಲಮಂಗಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ನಾನು ಏನೇನು ನೋಡಿದೆ ಎಂದು ಒಂದು ಪುಟ ಬರೆಯಬಹುದು, ಅದರಲ್ಲಿ ಬಹುಪಾಲು ಆಮೇಲೆ ಸೇರಿದ್ದೇ ಆಗಿರುತ್ತದೆ. ಗಾಳಿಗೆ ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜ. ಅತ್ತೆ "ಅಳ್ತಿದ್ದೀಯೇನೇ?" ಎಂದು ಕೇಳಿದ್ದರು.

ಪೂಜೆ ಮುಗಿಸಿ, ವ್ಯಾಪಾರಿಯ ಹೆಂಡತಿ ಹೇಳಿದ ಗುರುತಿನ ಮೇಲೆ ಹೊಲದ ದಾರಿಯಲ್ಲಿ ನಡೆದೆವು. ರಾಗಿ ಹೊಲದ ಆಚೆ ಹೆಂಚಿನ ಮನೆ, ಹಿತ್ತಲಲ್ಲಿ ಕಟ್ಟೆ ಕಟ್ಟಿದ ಬಾವಿ. ಈಚೆ ಕಲ್ಲು ಚಪ್ಪಡಿ ನೆಟ್ಟ ಬೇಲಿ, ಒಂದು ಹೊಂಗೆ ಮರ. ಬುಟ್ಟಿಯನ್ನು ಚಪ್ಪಡಿಯ ಮೇಲಿಟ್ಟು, ಟವೆಲ್ಲು ಮಡಿಸಿ, ಅದರ ಮೇಲೆ ಲೆನ್ಸನ್ನು ಊರಿದೆ. ಕೈಯಲ್ಲಿ ಹಿಡಿದರೆ ಅದರ ಭಾರಕ್ಕೆ ಚಿತ್ರ ಅಲುಗಾಡುವುದು ಖಂಡಿತ. ಅತ್ತೆ ಬಿಸಿಲಿಗೆಂಬಂತೆ ಕೊಡೆ ಬಿಚ್ಚಿ ನನ್ನನ್ನು ಮರೆಮಾಡಿ ನಿಂತರು.

"ಬಂದ್ಲಾ?"

"ಇಲ್ಲ ಅತ್ತೆ."

"ನಂಗೆ ಕಾಲು ನೋಯ್ತಾವೆ. ಬೇಗ ಬಾ ಅನ್ನು ಅವ್ಳಿಗೆ."

ಹುಡುಗಿ ಎತ್ತರವಾಗಿದ್ದಾಳೆ ಎಂದು ಸಂಬಂಧ ತಂದವರು ಹೇಳಿದ್ದರು. ಒಬ್ಬಳು ಬಂದಳು. ಎತ್ತರದವಳು. ಸೆರಗನ್ನು ಕುತ್ತಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ರಿಂಗನ್ನು ಎದೆಗೆ ಎಳೆದುಕೊಂಡೆ, ಫೋಕಸ್ಸು ತಪ್ಪಿತು, ಮತ್ತೆ ಕೂಡಿಸಿದೆ. ಅಷ್ಟು ದೂರದ ಒಬ್ಬಳು ಹೆಂಗಸು ಹಗ್ಗ ಎಳೆಯುವುದು ನನ್ನ ಕಣ್ಣಿನ ಎದುರಿಗೇ ಬಂತು.

"ಕೊಡಿಲ್ಲಿ, ನಾನೂ ನೋಡ್ತೀನಿ," ಎಂದು ಅತ್ತೆ ಕೊಡೆಯನ್ನು ನನ್ನ ಕೈಗೆ ತುರುಕಿ ಬಗ್ಗಿದರು. "ಅಯ್ಯಯ್ಯೋ! ಕೈಗೆ ಸಿಕ್ಕೋ ಹಂಗವ್ಳಲ್ಲೇ!" ಎನ್ನುತ್ತ ನಿಜವಾಗಿಯೂ ಒಂದು ಕೈ ಮುಂದೆ ಚಾಚಿದರು. ಚಾಚಿದ ಕೈಗೆ ಹೊಂಗೆಯ ರೆಂಬೆ ತಗುಲಿತು. ನನ್ನ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಕಾಲುಂಗುರ ಐತೇನೋ ನೋಡು."

ನೋಡಿದೆ. ಪಾದದ ಕಡೆ ಬಾವಿಕಟ್ಟೆಯ ನೆರಳು, ಅದರ ಮೇಲೆ ಇನ್ನೂರರ ಮಸುಕು. "ಕಾಣಲ್ಲ ಅತ್ತೆ."

"ಕುತ್ತಿಗೇಲಿ?"

"ಕಾಣಲ್ಲ."

"ಕಾಣಲ್ಲ ಅಂದ್ರೆ ಇಲ್ಲ. ಇವ್ಳೇ ಹುಡ್ಗಿ. ತೆಗಿ."

ಈ ಕೊನೆಯ ಮಾತು ಅತ್ತೆಯದೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನದೇ ಆಗಿರಲಾರದು ಎನ್ನಲು ಆಧಾರವಿಲ್ಲ. ಇಬ್ಬರಿಗೂ ಅವಳೇ ಆ ಹುಡುಗಿಯಾಗಿರುವುದು ಬೇಕಾಗಿತ್ತು. ಅತ್ತೆಗೆ ಕಾಲು ನೋಯುತ್ತಿತ್ತು, ನನಗೆ ಲೆನ್ಸು ಬೇಕಾಗಿತ್ತು.

ಅವಳು ತುಂಬಿದ ಕೊಡವನ್ನು ಸೊಂಟಕ್ಕೆತ್ತಿಕೊಂಡವಳು, ಏನು ತೋಚಿತೋ, ಮತ್ತೆ ಕಟ್ಟೆಯ ಮೇಲೆ ಇಳಿಸಿದಳು. ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಸುಮ್ಮನೆ, ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಳು. ದಣಿವಾಗಿರಬೇಕು ಎಂದುಕೊಂಡು ಕ್ಲಿಕ್ಕಿಸಿದೆ. ಮತ್ತೆ ಕ್ಲಿಕ್ಕಿಸಿದೆ.

ಮಗ್ಗದವರು ಊಟಕ್ಕೆದ್ದಾಗ ಪ್ರಿಂಟ್ ಹಾಕಿದೆ. ಟ್ರೇಯ ನೀರಿನಲ್ಲಿ ಅವಳು ಬಂದಳು. ಹಿಂದಿನ ರಾಟೆಯ ಕಂಬ, ಹುಲ್ಲಿನ ಬಣವೆ, ಮನೆಯ ಗೋಡೆ ಒಂದಕ್ಕೊಂದು ಎಷ್ಟೋ ಮಾರು ದೂರ ಇದ್ದವೆಂದು ನನಗೆ ಗೊತ್ತು. ಆದರೆ ಕಾಗದದ ಮೇಲೆ ಎಲ್ಲವೂ ಅವಳ ಬೆನ್ನಿಗೆ ಅಂಟಿದಂತೆ ಒತ್ತಿಕೊಂಡು ಬಂದಿದ್ದವು. ಉದ್ದ ಲೆನ್ಸುಗಳೆಲ್ಲ ಹೀಗೇ ಮಾಡುತ್ತವೆ, ಇದು ಅಗ್ಗದ್ದರ ದೋಷವಲ್ಲ. ದೂರ ನಿಂತು ಹತ್ತಿರ ತಂದರೆ ನಡುವಿನ ಗಾಳಿಯೆಲ್ಲ ಹೋಗಿಬಿಡುತ್ತದೆ. ಎರಡೂ ಕೈ ಚಾಚಿದರೆ ಎರಡೂ ಕಡೆ ಏನಾದರೊಂದು ಸಿಗುವಂಥ ಜಾಗದಲ್ಲಿ ಅವಳು ನಿಂತಿದ್ದಳು.

ಮುಖ ಮೆತ್ತಗಿತ್ತು. ಕೆಟ್ಟಿರಲಿಲ್ಲ, ಹರಿತವಾಗಿರಲಿಲ್ಲ. ವ್ಯಾಪಾರಿಯ ಹೆಂಡತಿ ಅದನ್ನು ನೆಲಮಂಗಲದ ಫೋಟೋದ ಪಕ್ಕದಲ್ಲಿಟ್ಟು ನೋಡಿದರು. ಒಂದು ಪೆನ್ಸಿಲ್ಲಿನಿಂದ ಮಸುಕು, ಇನ್ನೊಂದು ಲೆನ್ಸಿನಿಂದ. ಇಬ್ಬರೂ ಒಬ್ಬಳೇ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ.

"ಪೆನ್ಸಿಲ್ ಮುಟ್ಟಿಸಿಲ್ಲ ತಾನೇ?"

"ಇಲ್ಲಮ್ಮ."

"ಲಕ್ಷಣವಾಗವ್ಳೆ. ನಿಂತಿರೋ ಠೀವಿ ನೋಡು."

ಮಗನೂ ಒಪ್ಪಿದ. ತಪ್ಪು ನಡೆದದ್ದು ಆಮೇಲೆ, ಅದೂ ಶಾಸ್ತ್ರೋಕ್ತವಾಗಿ. ಹುಡುಗಿಯನ್ನು ಹೇಗೂ ನೋಡಿಯಾಯಿತಲ್ಲ, ಇನ್ನು ನೋಡುವ ಶಾಸ್ತ್ರಕ್ಕೊಂದು ದಿನ, ಹೂ ಮುಡಿಸುವುದಕ್ಕೆ ಇನ್ನೊಂದು ದಿನ ಯಾಕೆ, ಎರಡನ್ನೂ ಒಂದೇ ಸಲ ಮುಗಿಸಿಬಿಡೋಣ ಎಂದು ಅವರ ಮನೆಯವರು ನಿರ್ಧರಿಸಿದರು. ಸೀರೆ, ಹೂವು, ತೆಂಗಿನಕಾಯಿ ತುಂಬಿದ ತಟ್ಟೆ ಹಿಡಿದುಕೊಂಡೇ ಹೊರಟರು. ಹುಡುಗಿಯನ್ನು ಕಂಡವಳೆಂದು ನನ್ನನ್ನೂ ಕರೆದುಕೊಂಡು ಹೋದರು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ವ್ಯಾಪಾರಿಯ ಹೆಂಡತಿಯ ಪಕ್ಕ ಕೂತಿದ್ದೆ. ಇದು ನನ್ನ ಎರಡನೆಯ ಪ್ರಯಾಣ. ಇನ್ನು ಹೀಗೇ ಹೋಗುತ್ತಿರುತ್ತೇನೆ ಎಂದುಕೊಂಡಿದ್ದೆ.

ಬಾಗಿಲಲ್ಲೇ ಹುಡುಗಿಯ ತಾಯಿ ತಟ್ಟೆ ಇಸಿದುಕೊಂಡರು. ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಮುಂದಿಟ್ಟು ದೀಪ ಹಚ್ಚಿದರು. ದೇವರ ಮುಂದಿಟ್ಟ ತಟ್ಟೆಯನ್ನು ವಾಪಸು ಎತ್ತಿಕೊಂಡು ಬರುವ ಪದ್ಧತಿ ಎಲ್ಲೂ ಇಲ್ಲ.

ಆಮೇಲೆ ಅವಳು ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಸೊಂಟದಲ್ಲಿ ಮಗು. ಸಿಮೆಂಟು ನೆಲದ ಮೇಲೆ ಕಾಲುಂಗುರದ ಟಕಟಕ ಸದ್ದು. ಕುತ್ತಿಗೆಯಲ್ಲಿ ಎರಡೆಳೆ ಕರಿಮಣಿ. ಮಾರು ದೂರದಿಂದ ಯಾವ ಲೆನ್ಸೂ ಇಲ್ಲದೆ ಎಲ್ಲ ಕಾಣುತ್ತಿತ್ತು.

ವ್ಯಾಪಾರಿಯ ಹೆಂಡತಿ ಮಗುವನ್ನು ಗಮನಿಸಲಿಲ್ಲವೋ, ಅಕ್ಕನ ಮಗು ಎಂದುಕೊಂಡರೋ. "ಬಾಮ್ಮ, ನಾಚ್ಕೋಬೇಡ, ಇಲ್ಲಿ ಕೂತ್ಕೋ," ಎಂದು ತಮ್ಮ ಪಕ್ಕದ ಚಾಪೆ ತಟ್ಟಿದರು.

ಅವಳು ನಕ್ಕುಬಿಟ್ಟಳು. "ನಾನಲ್ಲಮ್ಮೋ! ನಾನು ಈ ಮನೆ ಸೊಸೆ. ಹುಡ್ಗಿ ಒಳಗೆ ಸೀರೆ ಉಟ್ಕೊಂತಾವ್ಳೆ."

ಎಲ್ಲರೂ ನಕ್ಕರು. ವ್ಯಾಪಾರಿಯ ಹೆಂಡತಿಯೂ ನಕ್ಕರು, ನಗುತ್ತಲೇ ನನ್ನ ಕಡೆ ತಿರುಗಿದರು. ಮಗ ನೆಲ ನೋಡಿದ. ಹುಡುಗಿ ಬಂದಳು. ಗಿಡ್ಡಗೆ, ಗುಂಡಗೆ ಇದ್ದಳು. ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದೀಪ ಉರಿಯುತ್ತಿತ್ತು. ತಟ್ಟೆ ಅದರ ಮುಂದೆಯೇ ಇತ್ತು. ವ್ಯಾಪಾರಿಯ ಹೆಂಡತಿ ಎದ್ದು ಹೂ ಮುಡಿಸಿದರು. ಬೇರೆ ಏನು ಮಾಡಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಏನೂ ಇರಲಿಲ್ಲ.

ಎಲೆ ಹಾಕಲು ನೆರವಾಗುತ್ತೇನೆಂದು ಅಡುಗೆಮನೆಗೆ ತಪ್ಪಿಸಿಕೊಂಡೆ. ಎತ್ತರದವಳು ಅಲ್ಲೇ ಇದ್ದಳು. ಮಗುವನ್ನು ನೆಲಕ್ಕೆ ಬಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದಳು.

"ಅಕ್ಕಾ, ಅವತ್ತು ಹೊಂಗೆಮರದ ತಾವ ಇದ್ದಿದ್ದು ನೀವೇ ಅಲ್ವಾ? ಕೊಡೆ ಹಿಡ್ಕೊಂಡು ಒಬ್ರು ದೊಡ್ಡಮ್ಮ ಇದ್ರಲ್ಲ."

ಅವಳು ಕೂಗಿ ಹೇಳಿದರೆ ಎರಡು ಮನೆಗಳ ಮಾನ ಅಲ್ಲೇ ಹೋಗುತ್ತಿತ್ತು.

"ಹೆದರ್ಕೋಬೇಡಿ. ಯಾಕೆ ತೆಗೀತಿದ್ರಿ ಅಂತ ನಾನು ಕೇಳಲ್ಲ. ಚೆನ್ನಾಗಿ ಬಂತಾ?"

"ಏನು?"

"ನಂದು ಫೋಟೋ. ಮದ್ವೇಲಿ ತೆಗೆಸಿದ್ದೇ ಕೊನೆ. ಅದ್ರಲ್ಲೂ ತಲೆ ಬಗ್ಗಿಸ್ಬಿಟ್ಟಿದೀನಿ, ಬೈತಲೆ ಬಿಟ್ರೆ ಏನೂ ಕಾಣಲ್ಲ. ನೀವು ಆ ಉದ್ದಂದು ಈ ಕಡೆ ತಿರುಗ್ಸಿದ್ದು ಕಾಣ್ತು. ಬಿಸ್ಲಿಗೆ ಮಿಂಚ್ತು. ಅದಕ್ಕೇ ಕೊಡ ಇಳ್ಸಿ ನಿಂತ್ಕೊಂಡೆ. ಅಷ್ಟೊತ್ತು ನಿಂತಿದ್ದೀನಿ, ಬಂದಿರ್ಬೇಕಲ್ವಾ?"

"ಬಂದಿದೆ," ಎಂದೆ.

"ಒಂದು ಕೊಡಿ. ನಾನು ಈ ಹೊಸ್ಲು ದಾಟೋದು ಬಾವಿಗೆ, ಹೊಲಕ್ಕೆ. ನೀವೇ ತಂದ್ಕೊಡಿ. ನೀವಾದ್ರೆ ಆಚೆ ಓಡಾಡ್ತೀರಲ್ಲ."

"ತಂದ್ಕೊಡ್ತೀನಿ," ಎಂದೆ.

ಮರುದಿನ ವ್ಯಾಪಾರಿಯ ಹೆಂಡತಿ ಪ್ರಿಂಟುಗಳನ್ನು ತಂದು ಸ್ಟುಡಿಯೋದ ಮೇಜಿನ ಮೇಲೆ ಬಿಸಾಕಿದರು. "ನಿಮ್ಮ ದುರ್ಬೀನು ನಂಬ್ಕೊಂಡು ಮನೆಗೆ ತಂದ್ಕೊಳ್ಳೋ ಹೆಣ್ಣೇ ಬದ್ಲಾಗೋಯ್ತು. ಇದು ಯಾರ ಬಾಯಲ್ಲಾದ್ರೂ ಬಂತೋ, ನೋಡ್ಕೊಳ್ಳಿ."

ನನ್ನ ಗಂಡ ಪ್ರಿಂಟುಗಳನ್ನೂ ನೆಗೆಟಿವನ್ನೂ ಅವರ ಎದುರಿಗೇ ಸುಟ್ಟರು. ಫಿಲ್ಮು ಸುರುಟಿಕೊಂಡು ಉರಿಯುವ ವಾಸನೆ ಹಿತ್ತಲಿನವರೆಗೆ ಬಂತು. ಅತ್ತೆ ನನ್ನ ಪರವಾಗಿ ಮಾತಾಡಿದ್ದನ್ನು ಬರೆಯಲೇಬೇಕು. "ಅವ್ಳು ಕಾಣಲ್ಲ ಅಂತ್ಲೇ ಹೇಳಿದ್ಲು. ನಾನೇ ತೆಗಿ ಅಂದಿದ್ದು," ಎಂದರು. ಹಾಗಾದರೆ ಆ ಮಾತು ಅತ್ತೆಯದೇ ಇರಬೇಕು. ಅಥವಾ ನನ್ನನ್ನು ಉಳಿಸಲು ಆಗ ಹಾಗೆಂದದ್ದೇ ನನ್ನ ನೆನಪಿನಲ್ಲಿ ಹಿಂದಕ್ಕೆ ಹೋಗಿ ಹೊಂಗೆಮರದ ಕೆಳಗೆ ಕೂತಿರಬಹುದು.

ಗಂಡ ಬೈಯಲಿಲ್ಲ. ಲೆನ್ಸನ್ನು ಟವೆಲ್ಲಿನಲ್ಲಿ ಸುತ್ತಿ ಅದೇ ವೈರ್ ಬುಟ್ಟಿಯಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಹೊರಡುವಾಗ, "ಈಗ್ಲಾದ್ರೂ ನಿಜ ಹೇಳು, ಇನ್ನೂರರಲ್ಲಿ ಹೆಂಗಿತ್ತು?" ಎಂದು ಕೇಳಿದರು.

"ಮಸುಕು," ಎಂದೆ.

ಲೆನ್ಸಿನ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದು ಇನ್ನೂ ಇತ್ತು. ನೂರರಿಂದ ನೂರೈವತ್ತರವರೆಗೆ, ಬಿಸಿಲಿನಲ್ಲಿ, ಎಂಟಕ್ಕೆ ಮುಚ್ಚಿ, ಯಾವುದಾದರೂ ಕಲ್ಲಿನ ಮೇಲೆ ಊರಿ ತೆಗೆದರೆ ಅದು ತನ್ನ ಯೋಗ್ಯತೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎದುರು ಬೆಳಕಿಗೆ ಸೋಲುತ್ತಿತ್ತು. ಭಾರ ಹೆಚ್ಚು. ಇನ್ನೂರು ಎಂದು ಅದರ ಮೇಲೆ ಕೆತ್ತಿದ್ದರೂ ಆ ತುದಿಯನ್ನು ಇದೆಯೆಂದು ತಿಳಿದು ಬಳಸದೆ ಬಿಡುವುದು ಒಳ್ಳೆಯದು. ನಮ್ಮಂಥ ಸ್ಟುಡಿಯೋಕ್ಕೆ ಕೊಳ್ಳಬಹುದಾದ ಲೆನ್ಸೇ. ಇದನ್ನೆಲ್ಲ ಯಾರೂ ನನ್ನನ್ನು ಮತ್ತೆ ಕೇಳಲಿಲ್ಲ. ಮದುವೆಗಳಿಗೆ ನಾನೂ ಹೋಗುವ ಮಾತು ಕೂಡ ಬುಟ್ಟಿಯ ಜೊತೆಗೇ ಹೋಯಿತು.

ಒಂದು ಪ್ರಿಂಟು ಉಳಿದಿತ್ತು. ಒಣಗಲು ಗಾಜಿಗೆ ಅಂಟಿಸಿ ಅಲ್ಲೇ ಮರೆತದ್ದು, ಸುಡುವ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ. ಅದನ್ನು ಫೋಟೋ ಪೇಪರಿನ ಖಾಲಿ ಡಬ್ಬಿಯಲ್ಲಿಟ್ಟೆ. ಕಳಿಸುವುದು ಹೇಗೆ? ಮದುವೆಯ ಫೋಟೋ ತೆಗೆಯಲು ನನ್ನ ಗಂಡ ಹೋದರು. ಪರಗಂಡಸು, ಬೇರೆ ಮನೆಯ ಸೊಸೆಯೊಬ್ಬಳ ಕೈಗೆ ಅವಳದ್ದೇ ಫೋಟೋ ಕೊಡುವುದೆಂದರೆ ಅವಳ ಸಂಸಾರವನ್ನೇ ಕೊಟ್ಟಂತೆ. ಅಂಚೆಯಲ್ಲಿ ಹಾಕಿದರೆ ಲಕೋಟೆಯನ್ನು ಮೊದಲು ಒಡೆಯುವವರು ಮಾವನೋ ಗಂಡನೋ. ನಾನೇ ಹೋಗಬೇಕು. ನಾನು ಹೋಗಲು ಈಗ ಕಾರಣವೇ ಇಲ್ಲ.

ಮದುವೆಯಾದ ಮೇಲೆ ಹೊಸ ಸೊಸೆಯನ್ನು ಕರೆದುಕೊಂಡು ವ್ಯಾಪಾರಿಯ ಹೆಂಡತಿ ಸ್ಟುಡಿಯೋಗೆ ಬಂದರು, ಗಂಡಹೆಂಡಿರ ಜೋಡಿ ಫೋಟೋಗೆ. ಹುಡುಗಿ ಹೂ ಸರಿಮಾಡಿಕೊಳ್ಳಲು ಒಳಗೆ ಬಂದಳು, ಹಿಂದೆಯೇ ಅವಳ ಅತ್ತೆ. ಹುಡುಗಿ ಚುರುಕು, ಮಾತುಗಾತಿ.

"ಅಕ್ಕಾ, ನಮ್ಮತ್ತಿಗೆ ನಿಮ್ಮನ್ನ ಕೇಳಿದ್ಲು. ಅದೇನೋ ತಂದ್ಕೊಡ್ತೀನಿ ಅಂದಿದ್ರಂತೆ. ನನ್ ಕೈಲೇ ಕೊಡಿ, ಹಬ್ಬಕ್ಕೆ ಹೋದಾಗ ಕೊಡ್ತೀನಿ. ಏನದು?"

ಡಬ್ಬಿ ಗೋಡೆಯ ಆಚೆ ಇತ್ತು. ತೆಗೆದುಕೊಟ್ಟರೆ ಅವಳು ನೋಡುತ್ತಾಳೆ, ನಮ್ಮತ್ತಿಗೆಯ ಫೋಟೋ ನಿಮ್ಮ ಹತ್ತಿರ ಹೇಗೆ ಬಂತು ಎನ್ನುತ್ತಾಳೆ, ಆಮೇಲೆ ಒಂದೊಂದಾಗಿ ಎಲ್ಲ ತಿಳಿಯುತ್ತಾಳೆ: ತನ್ನ ಗಂಡ ಒಪ್ಪಿದ್ದು ಯಾರನ್ನು, ತನಗೆ ಹೂ ಮುಡಿಸಿದ್ದು ಯಾಕೆ. ಮಧುರೆಗೆ ಹೋಗಿಬರುವ ಒಂದೇ ಒಂದು ಹೆಣ್ಣು ಜೀವ ನನ್ನೆದುರು ನಿಂತಿತ್ತು. ಆ ಫೋಟೋ ನೋಡಲೇಬಾರದಾದವಳೂ ಅವಳೇ.

ವ್ಯಾಪಾರಿಯ ಹೆಂಡತಿ ನನ್ನನ್ನೇ ನೋಡುತ್ತಿದ್ದರು.

"ಹುಳಿಪುಡಿ," ಎಂದೆ. "ಮಾಡಿಲ್ಲಮ್ಮ ಇನ್ನೂ."

ಅವತ್ತೋ ಮರುದಿನವೋ ನನಗೊಂದು ಉಪಾಯ ಹೊಳೆಯಿತು. ಫೋಟೋದಲ್ಲಿ ಕರಿಮಣಿ ಇದ್ದರೆ? ಕರಿಮಣಿ ಕಂಡರೆ ಫೋಟೋದಲ್ಲಿರುವವಳು ನೋಡಿದ ಕೂಡಲೇ ಯಾರದೋ ಮನೆಯ ಸೊಸೆ, ಬಾವಿಯ ಹತ್ತಿರ ನಿಂತಿದ್ದಾಳೆ, ಅಷ್ಟೆ. ಅವಳನ್ನು ಹುಡುಗಿ ಎಂದು ಯಾರೂ ತಪ್ಪು ತಿಳಿದಿರಲು ಸಾಧ್ಯವೇ ಇರುವುದಿಲ್ಲ. ಗುಡಿಗೆ ಹೋದಾಗ ಸುಮ್ಮನೆ ತೆಗೆದದ್ದು ಎಂದು ಹೇಳಿ ನಾದಿನಿಯ ಕೈಗೇ ಕೊಡಬಹುದು. ಪ್ರಿಂಟಿನ ಬಿಳಿ ಚುಕ್ಕೆಗಳನ್ನು ಮುಚ್ಚಲು ಬಳಸುವ ಕಪ್ಪು ಬಣ್ಣ ಇತ್ತು, ಒಂದೆಳೆಯ ಬ್ರಷ್ಷಿತ್ತು. ಮಗ್ಗ ಓಡುತ್ತಿತ್ತು, ನಿಲ್ಲುವವರೆಗೂ ಕಾಯುವ ತಾಳ್ಮೆ ಇರಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಸೆರಗಿನ ಅಂಚಿನಲ್ಲಿ ಒಂದೊಂದೇ ಮಣಿ ಇಟ್ಟೆ. ನನ್ನ ಕೈ ನಿಧಾನ, ಗೆರೆ ಸಣ್ಣದು. ಚೆನ್ನಾಗಿ ಬಂದವು.

ಬಹಳ ಚೆನ್ನಾಗಿ ಬಂದವು. ದೀಪದ ಹತ್ತಿರ ಹಿಡಿದು ನೋಡಿದರೆ ಇಡೀ ಚಿತ್ರದಲ್ಲಿ ಹರಿತವಾಗಿದ್ದದ್ದು ಅವು ಮಾತ್ರ. ಮುಖ ಮಸುಕು, ಕೊಡ ಮಸುಕು, ಬಾವಿಯ ರಾಟೆ ಮಸುಕು, ಕರಿಮಣಿ ಮಾತ್ರ ಎಣಿಸುವಂತೆ ಕಾಣುತ್ತಿತ್ತು. ಯಾರೋ ಆಮೇಲೆ ಇಟ್ಟದ್ದೆಂದು ಮಗುವೂ ಹೇಳುತ್ತಿತ್ತು. ಒದ್ದೆ ಹತ್ತಿಯಿಂದ ಒರೆಸಿ ನೋಡಿದೆ. ಬಣ್ಣ ಕಾಗದದೊಳಗೆ ಇಳಿದಿತ್ತು. ನೆಗೆಟಿವ್ ಬೂದಿಯಾಗಿತ್ತು.

ಆ ಫೋಟೋ ಈಗ ನನ್ನ ಮೇಜಿನ ಮೇಲಿದೆ. ಬೆಳಿಗ್ಗೆಯಿಂದ ಅದನ್ನು ನೋಡಿಕೊಂಡೇ ಇಷ್ಟನ್ನೂ ಬರೆದಿದ್ದೇನೆ. ಅವಳ ಮುಖ ಹೀಗೇ ಇತ್ತೇ ಎಂದು ಕೇಳಿದರೆ ಹೇಳಲಾರೆ, ಅಡುಗೆಮನೆಯಲ್ಲಿ ನೋಡಿದ ಮುಖವನ್ನು ಈ ಮುಖ ಯಾವಾಗಲೋ ಅಳಿಸಿಬಿಟ್ಟಿದೆ. ಅವಳು ಕೊಡ ಇಳಿಸಿ ನೆಟ್ಟಗೆ ನಿಂತಿದ್ದಾಳೆ. ತೆಗೆದಾಯಿತು, ಇನ್ನು ಹೋಗು ಎಂದು ಅವಳಿಗೆ ಯಾರೂ ಹೇಳಿಲ್ಲ.